ಕೋಡಿ: ಈ ಶನಿವಾರ, ಪ್ರವೇಶ ಉಚಿತ

ಮಾನ್ಯ ಕುಲಸಚಿವರೇ,

ಕಾಡುಗೋಡಿಯ ಆಚೆ, ನಮ್ಮೂರ ಕೆರೆಯ ಕೆಳಗಿರುವ ನಿಮ್ಮ ವಿಶ್ವವಿದ್ಯಾಲಯದ ನೆಲಮಾಳಿಗೆ ಸಭಾಂಗಣದಲ್ಲಿ ಈ ಶನಿವಾರ ಎರಡು ಸಾವಿರ ಮಕ್ಕಳನ್ನು ಕೂರಿಸಬೇಡಿ. ವಿಷಯ ಇಷ್ಟೇ. ಮುಂದಕ್ಕೆ ಓದಲು ತಮಗೆ ಪುರುಸೊತ್ತು ಇರಲಿಕ್ಕಿಲ್ಲ ಎಂದು ಮೊದಲೇ ಹೇಳಿಬಿಟ್ಟೆ.

ನಾನು ನಿಮ್ಮ ಗೇಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವವನು. ಪೋಸ್ಟರುಗಳೆಲ್ಲ ನನ್ನಲ್ಲೇ ಅಚ್ಚಾಗುವುದರಿಂದ ನಿಮ್ಮಲ್ಲಿ ಮುಂದೆ ಏನೇನು ನಡೆಯಲಿದೆ ಎಂಬುದು ಕೆಲವೊಮ್ಮೆ ನಿಮಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಗುರುವಾರ ಚಿತ್ರಕಲಾ ಪ್ರದರ್ಶನ. ಶುಕ್ರವಾರ ಜಲ ಸಂರಕ್ಷಣೆಯ ಬಗ್ಗೆ ರಾಷ್ಟ್ರೀಯ ವಿಚಾರ ಸಂಕಿರಣ. ಶನಿವಾರ ಉದ್ಯೋಗ ಮೇಳ. ಮೂರೂ ಅದೇ ನೆಲಮಾಳಿಗೆಯಲ್ಲಿ. ಮೇಳದ ಪೋಸ್ಟರ್ ತಂದ ವಿದ್ಯಾರ್ಥಿ ಸಂಚಾಲಕ ಅಂಜನ್ ಬಹಳ ಖುಷಿಯಲ್ಲಿದ್ದ. “ಅಣ್ಣ, ಹೆಸ್ರು ‘ಕೋಡಿ’ ಅಂತ ಇಟ್ಟಿದೀವಿ. ಕೋಡಿಂಗ್ ಮಾಡೋರ ಹಬ್ಬ, ಅದಕ್ಕೇ ಕೋಡಿ. ಸಕ್ಕತ್ತಾಗಿದೆ ಅಲ್ವಾ? ದೊಡ್ಡಕ್ಷರದಲ್ಲಿ ಹಾಕ್ಬಿಡಿ.” ಹಾಕಿಕೊಟ್ಟೆ.

ಒಂದು ಪ್ರತಿಯನ್ನು ಮನೆಗೆ ಒಯ್ದಾಗ ನನ್ನ ತಾಯಿ ಭದ್ರಮ್ಮ ಅಕ್ಷರ ಕೂಡಿಸಿಕೊಂಡು ಓದಿದರು: ಕೋಡಿ, ಈ ಶನಿವಾರ, ಬೆಳಿಗ್ಗೆ ಹತ್ತಕ್ಕೆ, ನೆಲಮಾಳಿಗೆ ಸಭಾಂಗಣ, ಪ್ರವೇಶ ಉಚಿತ. ಕನ್ನಡಕ ತೆಗೆದು, “ಕೋಡಿ ಬೀಳೋ ದಿನಾನೂ ಇವ್ರೇ ಗೊತ್ತು ಮಾಡವ್ರೇನ್ಲಾ?” ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ನಿಮ್ಮ ಕನ್ನಡ ವಿಭಾಗ ಹೇಳದೆ ಹೋಗಿದ್ದರೆ ನಾನೇ ಹೇಳುತ್ತೇನೆ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗಕ್ಕೆ ಕೋಡಿ ಎನ್ನುತ್ತಾರೆ. ನಮ್ಮೂರ ಕೆರೆಯ ಕೋಡಿ ಇದ್ದದ್ದು ಎಲ್ಲಿ ಗೊತ್ತೇ? ಈಗ ನಿಮ್ಮ ನೆಲಮಾಳಿಗೆಯ ಉತ್ತರದ ಗೋಡೆ ಇರುವಲ್ಲಿ. ನನ್ನ ತಂದೆ ನರಸಪ್ಪ ಆ ಕೆರೆಯ ನೀರಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವರ ಕೆಲಸವಾಗಿತ್ತು. ತೂಬಿನ ಮೆಟ್ಟಿಲುಗಳಲ್ಲಿ ಒಂದು ಮಾತ್ರ ಕಾಣುತ್ತಿದ್ದರೆ ಇನ್ನೊಂದು ಜೋರು ಮಳೆಗೆ ಕೋಡಿ ಬೀಳುತ್ತದೆ ಎನ್ನುತ್ತಿದ್ದರು. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ. ಒಂದೇ ಮೆಟ್ಟಿಲು ಕಾಣುತ್ತಿದೆ. ಶುಕ್ರವಾರ ಸ್ವಾತಿ ಮಳೆ ಹುಟ್ಟುತ್ತದೆ.

ಹೋಗಲಿ, ಇದು ಹಳ್ಳಿಯವರ ಅಂದಾಜು ಎನ್ನಿ. ನಿಮ್ಮ ಗೋಡೆಯ ಮಾತನ್ನಾದರೂ ನಂಬುತ್ತೀರಾ? ಪೋಸ್ಟರ್ ಕೊಡಲು ಕೆಳಗಿಳಿದಾಗ ಸಭಾಂಗಣ ಗುಡಿಸುವ ರಾಮಯ್ಯ ಬಟ್ಟೆ ಹಿಡಿದು ಅದೇ ಗೋಡೆ ಒರೆಸುತ್ತಿದ್ದ. “ಗ್ವಾಡೆ ಬೆವರ್ತಾ ಐತೆ ಕಣಣ್ಣ. ಒರೆಸ್ದಂಗೆಲ್ಲ ಬತ್ತದೆ. ಅದಕ್ಕೇ ಚಿತ್ರಾನೆಲ್ಲ ಕೆಳಕ್ಕೆ ನೇತಾಕು ಅಂದವ್ರೆ ಸಾಹೇಬ್ರು.” ಕಲೆಯಿಂದ ಕಲೆ ಮುಚ್ಚುವ ಈ ವಿದ್ಯೆಗೆ ನಿಮ್ಮಲ್ಲಿ ಪದವಿ ಉಂಟೇ? ಆಗಲೇ ನೇತುಹಾಕಿದ್ದ ಒಂದು ಚಿತ್ರದ ಹಿಂದೆ ಕೈಯಿಟ್ಟು ನೋಡಿದೆ. ಗೋಡೆ ತಣ್ಣಗಿತ್ತು, ಕೈಗೆ ಕೆರೆಯ ವಾಸನೆ ಹತ್ತಿತು.

ಸೋಮವಾರವೇ ನಿಮ್ಮ ಕಚೇರಿಗೆ ಅರ್ಜಿ ಕೊಟ್ಟೆ. “ಸದರಿ ಸಲಹೆಯನ್ನು ಮುಂದಿನ ಶೈಕ್ಷಣಿಕ ವರ್ಷದ ಸಭೆಯಲ್ಲಿ ಪರಿಶೀಲಿಸಲಾಗುವುದು” ಎಂದು ಉತ್ತರ ಬಂತು. ಧನ್ಯವಾದ. ಆದರೆ ಕೆರೆಗೆ ಸೆಮಿಸ್ಟರ್ ಇಲ್ಲವಲ್ಲ ಸ್ವಾಮಿ? ಬೆಳ್ಳಂದೂರಿನ ಕಡೆ ಕೆರೆ ಉಕ್ಕಿದಾಗ ದೊಡ್ಡ ದೊಡ್ಡ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ನೀವೂ ಟಿವಿಯಲ್ಲಿ ನೋಡಿದವರೇ. ಅದು ರಸ್ತೆ, ಇದು ನೆಲದಡಿ. ಮೇಲೆ ಬರಲು ಇರುವುದು ಒಂದೇ ಮೆಟ್ಟಿಲ ಸಾಲು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರಂತೆ.

ಆ ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು. ಮಾಲಾ ನಿಮ್ಮಲ್ಲಿ ಕೊನೆಯ ವರ್ಷ ಓದುತ್ತಿದ್ದಾಳೆ, ಶನಿವಾರ ಹನ್ನೊಂದಕ್ಕೆ ಅವಳ ಸಂದರ್ಶನ. ಹೋಗಬೇಡ ಎಂದೆ. “ನಾನೊಬ್ಳು ಹೋಗ್ದೆ ಇದ್ರೆ ನೀರು ನಿಂತ್ಕೊಳುತ್ತಾ ಅಪ್ಪ? ಮಿಕ್ಕೋರ್ಗೆ ಯಾರು ಹೇಳ್ತಾರೆ? ನಿಂಗೆ ಗೊತ್ತಿತ್ತು ತಾನೆ, ಕಟ್ಟಡ ಕಟ್ಟೋವಾಗ್ಲೇ ಯಾಕೆ ಹೇಳ್ಲಿಲ್ಲ?” ಎಂದಳು.

ಅವಳ ಕೊನೆಯ ಪ್ರಶ್ನೆಗೆ ಉತ್ತರವನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಕೊಡುತ್ತಿದ್ದೇನೆ. ಕಟ್ಟಡಕ್ಕೆ ಮುಂಚೆ ನಡೆದ ಸ್ಥಳ ಮಹಜರಿನ ಕಾಗದ ತೆಗೆಸಿ ನೋಡಿ. “ಇಲ್ಲಿ ಯಾವುದೇ ಕೋಡಿ ಇರುವುದಿಲ್ಲ” ಎಂಬ ಸಾಲಿನ ಕೆಳಗೆ ಮೂರು ಸಾಕ್ಷಿಗಳ ರುಜು ಇದೆ. ಮೂರನೆಯದು ನನ್ನದು. ಗೇಟಿನ ಎದುರು ಅಂಗಡಿ ಸಿಗುತ್ತದೆ ಎಂದರು, ರುಜು ಹಾಕಿದೆ. ನನ್ನ ಅಪ್ಪ ಆ ಮೇಲೆ ಸಾಯುವವರೆಗೂ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆ: ಮೂರು ಕಾರ್ಯಕ್ರಮಗಳನ್ನೂ ಮೇಲಿನ ಮಹಡಿಗೆ ಸಾಗಿಸಿ, ನೆಲಮಾಳಿಗೆಗೆ ಬೀಗ ಹಾಕಿ, ಕೋಡಿಗೆ ದಾರಿ ಬಿಡಿ. ಇಲ್ಲವಾದರೆ ಶನಿವಾರ ಹತ್ತಕ್ಕೆ ಆ ಮೆಟ್ಟಿಲ ಬಾಯಲ್ಲಿ ನಾನು ಅಡ್ಡ ಕೂತಿರುತ್ತೇನೆ. ಕೆಳಗಿಳಿಯುವ ಪ್ರತಿ ಮಗುವೂ, ನನ್ನ ಮಗಳೂ ಸೇರಿ, ನನ್ನನ್ನು ದಾಟಿಯೇ ಇಳಿಯಬೇಕು. ದಯವಿಟ್ಟು ನೀವೂ ಬನ್ನಿ. ಪ್ರವೇಶ ಉಚಿತ ಎಂದು ನಾನೇ ಅಚ್ಚು ಹಾಕಿದ್ದೇನೆ.

ಇಂತಿ,
ಇಲ್ಲದ ಕೋಡಿಯ ಮೂರನೆಯ ಸಾಕ್ಷಿ,
ನೀರಗಂಟಿ ನರಸಪ್ಪನ ಮಗ ಮುನಿಕೃಷ್ಣ