ಮಂಚದ ಬಳಿಗೆ ಚಂದ್ರ

ಚಿರಂಜೀವಿ ಮೊಮ್ಮಗಳ ಸನ್ನಿಧಾನಕ್ಕೆ ಅಜ್ಜನ ಅರಿಕೆ.

ನಿನ್ನ ಅಜ್ಜಿ ಮಹಡಿ ಹತ್ತಲಾರದ ಕಾರಣ, ಅಲ್ಲಿರುವ ದೂರದರ್ಶಕಕ್ಕೆ ನೀನು ಕ್ಯಾಮೆರಾ ಜೋಡಿಸಿ ಆಕೆಯ ಮಂಚದ ಬಳಿಯ ಪರದೆಗೆ ಚಂದ್ರನನ್ನು ಇಳಿಸಿದ್ದು ಸರಿಯಷ್ಟೆ. ಆದರೆ ಅವನ ತುಣುಕು ಮಾತ್ರ ಕಾಣಲಾಗಿ, "ಇದೇನ್ರೀ, ಸುಣ್ಣ ಉದುರಿದ ಗೋಡೆ ತೋರಿಸ್ತೀರಾ?" ಎಂದು ಆಕೆ ಹಂಗಿಸಿದ್ದಳು.

ನೀನು ಕಳಿಸಿದ ಫೋಕಲ್ ರೆಡ್ಯೂಸರ್ ಮಸೂರವನ್ನು ಕ್ಯಾಮೆರಾದ ಮುಂದೆ, ಯಾರ ನೆರವೂ ಇಲ್ಲದೆ, ನಾನೇ ಕೂರಿಸಿದೆನು. ನೋಟ ಅಗಲವಾಗಿ, ನಿನ್ನೆ ಸಂಜೆ ಇಡೀ ಚಂದ್ರ ಪರದೆಯಲ್ಲಿ ಹಿಡಿಸಿದನು. "ಪೂರ್ತಿ ಬಂದನೇನೇ?" ಎಂದು ಮಹಡಿಯಿಂದಲೇ ವಿಚಾರಿಸಿದೆನು.

"ಅವನು ಬಂದ. ನೀವು ಮೇಲೇ ಉಳಿದ್ರಲ್ಲ."

ಆದಕಾರಣ, ಕೆಳಗೆ ಕುಳಿತೇ ದೂರದರ್ಶಕವನ್ನು ತಿರುಗಿಸಬಲ್ಲ ಮೋಟಾರೊಂದನ್ನು ಶೀಘ್ರವಾಗಿ ದಯಪಾಲಿಸಬೇಕಾಗಿ ಪ್ರಾರ್ಥನೆ. ಆಕೆ ಮಂಚದ ಪಕ್ಕ ಕುರ್ಚಿ ಹಾಕಿಸಿ ಆಗಿದೆ.

ಇಂತಿ, ಕೆಳಗಿಳಿಯಲು ಕಾದಿರುವ
ನಿನ್ನ ಅಜ್ಜ