ಬಟ್ಟೆ ಮಡಿಸುವಾಗ ಹೇಳಿದ್ದು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6

ಪ್ರಾರ್ಥನೆ ಆಯಿತು, ಅಡುಗೆ ಆಯಿತು. ಏಳಕ್ಕೆ ಮೊದಲ ಪಾಳಿ. ಔಷಧಿ ಫ್ಯಾಕ್ಟರಿಯ ಪ್ಯಾಕಿಂಗ್‌ನಲ್ಲಿ ಹನ್ನೊಂದು ವರ್ಷ. ಮೊಣಕಾಲು ಹೇಳಿದ ಮಾತು ಕೇಳುತ್ತಿಲ್ಲ.

ಮಗಳು ಲ್ಯಾಪ್‌ಟಾಪ್ ನೋಡುತ್ತಲೇ ತಿಂದಳು. ರಿಸರ್ಚ್ ಅನಾಲಿಸ್ಟ್ ಆಗಬೇಕು ಅವಳಿಗೆ. ಈಗ ಟ್ರೈನಿ. ಕಂಪನಿಗಳನ್ನು ಜಾಲಾಡಿ, ಯಾವ ಶೇರು ಕೊಳ್ಳಬಹುದು, ಯಾವುದು ಬೇಡ ಎಂದು ವರದಿ ಬರೆಯುವ ಕೆಲಸ. ಕಂಡವರ ಮನೆ ಸುದ್ದಿಗೆ ಸಂಬಳವಾ, ನಮ್ಮ ಪ್ಯಾಕಿಂಗ್‌ನವರು ಪುಕ್ಕಟೆ ಮಾಡುತ್ತಾರಲ್ಲ ಎಂದೆ. ನಕ್ಕಳು. ಎಷ್ಟೋ ದಿನಕ್ಕೆ.

ಮಾರ್ಚ್ 9, ಭಾನುವಾರ

ಇಬ್ಬರೂ ಬಟ್ಟೆ ಮಡಿಸುತ್ತಿದ್ದೆವು. ಮೂರು ಲಾರಿ ಸಿರಪ್ ವಾಪಸು ಬಂದಿದೆ, ಬಾಟಲಿ ತಳದಲ್ಲಿ ಗಸಿ, ಸುರಿದು ಸುರಿದು ಕೈ ಬೊಬ್ಬೆ ಬಂತು ಎಂದೆ. ಹೊರಗೆ ಬಾಯಿ ಬಿಡಬೇಡಿ ಎಂದಿದ್ದರು ಸೂಪರ್‌ವೈಸರ್. ಮಗಳು ಹೊರಗಿನವಳಾ... ಸೊಂಟನೋವು ಹೇಳಿಕೊಂಡ ಹಾಗೆ ಹೇಳಿದೆ.

ಅವಳ ಕೈ ನಿಂತಿತು. ಎಷ್ಟು ಲಾರಿ ಎಂದು ಮತ್ತೆ ಕೇಳಿದಳು.

ಮಾರ್ಚ್ 19, ಬುಧವಾರ

ಗ್ರಹಚಾರ. ನಮ್ಮ ಫ್ಯಾಕ್ಟರಿಯ ವರದಿ ಅವಳ ಪಾಲಿಗೇ ಬಂದಿತ್ತಂತೆ. ‘ಬೇಡ’ ಎಂದು ಬರೆದಿದ್ದಾಳೆ. ವಾಪಸಾದ ಮಾಲಿನ ಸುದ್ದಿಯನ್ನು ಕಂಪನಿ ಆಮೇಲೆ ಹೇಳಿತು, ಶೇರು ಬಿತ್ತು. ಟ್ರೈನಿ ಹುಡುಗಿಗೆ ಮೊದಲೇ ಹೇಗೆ ಗೊತ್ತಾಯಿತು ಎಂದು ಅವಳ ಆಫೀಸಿನಲ್ಲಿ ವಿಚಾರಣೆ. ಒಳಗಿನ ಗುಟ್ಟು ಬಳಸುವಂತಿಲ್ಲವಂತೆ. ಮತ್ತೆ ಯಾಕೆ ಬರೆದೆ ಎಂದೆ.

“ಗೊತ್ತಿದ್ದೂ ‘ಕೊಳ್ಳಿ’ ಅಂತ ಹೇಗೆ ಬರೀಲಮ್ಮ?”

ಏಪ್ರಿಲ್ 2, ಬುಧವಾರ

ಶುಕ್ರವಾರದ ವಿಚಾರಣೆಗೆ ಅವಳ ಆಫೀಸಿನವರು ನನ್ನನ್ನೂ ಕರೆದಿದ್ದಾರೆ. ಅಲ್ಲಿಯವರೆಗೆ ತಾಯಿ ಮಗಳು ಈ ವಿಷಯ ಮಾತಾಡಬಾರದು ಎಂದು ಕರೆದ ಕಾಗದದಲ್ಲೇ ಇದೆ. ಅವಳು ಆಡಲಿಲ್ಲ. ಉಪ್ಪು ಕೇಳಿದಳು, ಅಷ್ಟೇ.

ದೇವರ ಮುಂದೆ ಕೂತೆ. ಒಂದೇ ಒಂದು ಸುಳ್ಳು, ಅವಳಿಗಾಗಿ. ಕ್ಷಮೆಯನ್ನು ಮುಂಗಡ ಕೇಳಿದೆ. ಹಾಗೆ ಕೊಡುವುದುಂಟೋ ಇಲ್ಲವೋ.

ಏಪ್ರಿಲ್ 4, ಶುಕ್ರವಾರ. ಸಂಜೆ

ಗಾಜಿನ ಕೋಣೆ, ಮೈ ಕೊರೆಯುವ ಎ.ಸಿ. ಕನ್ನಡಕದ ಅಧಿಕಾರಿ ನೀರು ಕೊಟ್ಟು, ಮಗಳಿಗೆ ಏನಾದರೂ ಹೇಳಿದ್ದಿರಾ ಎಂದರು.

“ಇಲ್ಲ ಸಾರ್. ಫ್ಯಾಕ್ಟರಿ ವಿಷಯ ಮನೇಲಿ ಎತ್ತೋದೇ ಇಲ್ಲ. ದೇವರಾಣೆ.”

ಆಣೆಯನ್ನು ಯಾರೂ ಕೇಳಿರಲಿಲ್ಲ.

ಒಂದು ಹಾಳೆ ನನ್ನ ಕಡೆ ತಿರುಗಿಸಿದರು. ಮಗಳ ಅಕ್ಷರ. ಭಾನುವಾರ ಅಮ್ಮ ಹೇಳಿದರು, ಬಳಸಿದ ತಪ್ಪು ನನ್ನದು. ಕೆಳಗೆ ಸಹಿ. ವಿಚಾರಣೆಯ ಮೊದಲ ದಿನದ್ದೇ ತಾರೀಕು.

“ಒಪ್ಪಿಕೊಂಡಿದ್ದಾಳಲ್ಲ, ಎಚ್ಚರಿಕೆ ಕೊಟ್ಟು ಬಿಡೋಣ ಅಂತಿದ್ವಿ. ಈಗ ಸಾಕ್ಷಿಗೆ ಹೇಳಿಕೊಟ್ಟು ಕಳಿಸಿದ್ದಾಳೆ ಅಂತ ಆಗುತ್ತಮ್ಮ.”

ಯಾರೂ ಹೇಳಿಕೊಟ್ಟಿಲ್ಲ, ಸುಳ್ಳು ನನ್ನದೇ ಎಂದೆ. ಎರಡೆರಡು ಸಲ ಎಂದೆ. ಅವರು ಬರೆದುಕೊಂಡಾಗಿತ್ತು.

ಏಪ್ರಿಲ್ 11, ಶುಕ್ರವಾರ

ಅವಳನ್ನು ತೆಗೆದರು. ಈ ಕಸುಬಿನಲ್ಲಿ ಇನ್ನು ಯಾರೂ ಸೇರಿಸಿಕೊಳ್ಳುವುದಿಲ್ಲವಂತೆ. ನನ್ನ ಕೆಲಸವೂ ಹೋಯಿತು, ಅದು ಹಾಳಾಗಲಿ.

ಪುಸ್ತಕಗಳನ್ನು ಮಂಚದ ಕೆಳಗೆ ತಳ್ಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದಳು.

“ನಿನ್ನ ಮಗಳು ನಿಜ ಹೇಳಿರ್ತಾಳೆ ಅಂತ ನಿನಗೆ ಒಂದು ಸಲವೂ ಅನ್ನಿಸಲಿಲ್ವಾ ಅಮ್ಮ?”

ತಟ್ಟೆ ತೊಳೆದಿಟ್ಟು ಇದನ್ನು ಬರೆಯುತ್ತಿದ್ದೇನೆ. ಅನ್ನಿಸಿತ್ತು ಎಂದರೆ ಇನ್ನೊಂದು ಸುಳ್ಳು. ಇಲ್ಲ ಎಂದರೆ—