ಗೋಡೆ ಒಣಗುವವರೆಗೆ

ಹೊಟ್ಟೆಯೊಳಗಿರುವ ನನ್ನ ಜೀವವೇ,

ಈಗ ಮಧ್ಯಾಹ್ನ. ಕಾಲುವೆಯ ಕಡೆಯಿಂದ ತಂಗಾಳಿ ಬರುತ್ತಿದೆ, ನೀನು ಮಲಗಿದ್ದೀ. ನನಗೂ ಅರ್ಧ ನಿದ್ದೆ. ಈ ಎಂಟನೇ ತಿಂಗಳಲ್ಲಿ ಎಚ್ಚರ ಯಾವುದು, ಕನಸು ಯಾವುದು ಎಂದು ನನಗೇ ತಿಳಿಯುವುದಿಲ್ಲ. ಕಣ್ಣು ಮುಚ್ಚಿದರೆ ಕಾರಟಗಿಯ ಗದ್ದೆಗಳೆಲ್ಲ ನಡೆದು ಬಂದು ಮಂಚದ ಸುತ್ತ ನಿಂತಿರುತ್ತವೆ. ನಿನಗೆ ಹೇಳಬೇಕಾದ ಮಾತೊಂದಿದೆ. ಬಾಯಿಂದ ಹೇಳಲು ಧೈರ್ಯ ಸಾಲದೆ ಬರೆಯುತ್ತಿದ್ದೇನೆ.

ನಿನ್ನ ಅಬ್ಬಾ ನದೀಮ ಮನೆಗಳಿಗೆ ಬಣ್ಣ ಹೊಡೆಯುವವರು. ಇಲ್ಲಿಂದ ಗಂಗಾವತಿಯವರೆಗೆ ಎಷ್ಟು ಮನೆಗಳಿಗೆ ಹೊಡೆದಿದ್ದಾರೋ, ನಮ್ಮ ಮನೆಯ ಸರದಿ ಮಾತ್ರ ಬರುವುದೇ ಇಲ್ಲ. ಬಂದದ್ದು ಒಂದೇ ಸಲ, ಮೂರು ವರ್ಷದ ಹಿಂದೆ. ಆಗ ನಿನಗಿಂತ ಮೊದಲಿನ ಕೂಸು ನನ್ನ ಹೊಟ್ಟೆಯಲ್ಲಿತ್ತು. ಕೂಸು ಹುಟ್ಟುವ ಮೊದಲು ಅದಕ್ಕಾಗಿ ಏನನ್ನೂ ಸಿದ್ಧ ಮಾಡಿಡಬಾರದೆಂಬುದು ನಮ್ಮ ಮನೆಯ ರೂಢಿ. ನಾನು ಕೇಳುವವಳೇ? ಹಿಂದಿನ ಕೋಣೆಗೆ ಹಳದಿ ಬಣ್ಣ ಬೇಕು, ಇದೇ ವಾರ ಬೇಕು ಎಂದು ಹಟ ಹಿಡಿದೆ. ಆ ಗೋಡೆಯ ಆಚೆ ಬಚ್ಚಲು; ಗೋಡೆ ಹಸಿ ಇತ್ತು. "ಹಸಿ ಗ್ವಾಡಿಗೆ ಬಣ್ಣ ನಿಲ್ಲಂಗಿಲ್ರಿ" ಎಂದು ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ನನ್ನ ಮುಖ ನೋಡಿ ನಕ್ಕು, ಒಂದೇ ದಿನದಲ್ಲಿ ಬಳಿದು ಮುಗಿಸಿದರು. ಎಷ್ಟು ಚೆಂದವಿತ್ತು ಗೊತ್ತೇನು.

ಏಳನೇ ತಿಂಗಳಲ್ಲಿ ಆ ಕೂಸು ಹೋಯಿತು. ನಾನು ಆಸ್ಪತ್ರೆಯಿಂದ ಬಂದಾಗ ಹಳದಿ ಬಣ್ಣ ಉಬ್ಬಿ, ಅದರಡಿ ಬಿಳಿ ಉಪ್ಪು ಅರಳಿತ್ತು. ಮುಟ್ಟಿದರೆ ಸಿಪ್ಪೆ ಸಿಪ್ಪೆಯಾಗಿ ಉದುರುತ್ತಿತ್ತು. "ಮೊದಲ ತಯಾರಿ ಮಾಡಿಕೊಂಡ್ರ ಹಿಂಗ ಆಗತೈತಿ" ಎಂದರು ನಿನ್ನ ದಾದಿಮಾ, ಅಂದರೆ ನನ್ನ ಅತ್ತೆ ಫಾತಿಮಾಬೀ. ಡಾಕ್ಟರು ಬೇರೆಯೇ ಕಾರಣ ಹೇಳಿದ್ದರು, ಆದರೆ ನನ್ನ ಕಿವಿಯಲ್ಲಿ ಉಳಿದದ್ದು ಅತ್ತೆಯ ಮಾತು. ಕೂಸನ್ನು ಕಳೆದವಳು ನಾನೇ ಎಂದು ನಂಬಿ ಕೋಣೆಗೆ ಚಿಲಕ ಹಾಕಿದೆ. ನೀನು ಬಂದ ಮೇಲೂ ಒಂದು ಕುಲಾವಿ ಹೊಲಿಯಲಿಲ್ಲ. ಮಾತಾಡಿಸಿದರೆ ನೀನೂ ಎದ್ದು ಹೋಗುತ್ತೀ ಎಂದು ಹೆದರಿ ನಿನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಿನಗೆ ಹೇಳಬೇಕಾದದ್ದು ಇದೇ. ಸಿಟ್ಟಾಗಬೇಡ.

ಹೋದ ತಿಂಗಳು ನಿನ್ನ ಅಬ್ಬಾ ಆ ಬಾಗಿಲು ತೆರೆದರು. "ಬಣ್ಣ ಬ್ಯಾಡ, ಶಾಯಿಸ್ತಾ. ಗ್ವಾಡಿ ಅಷ್ಟ ನೆಟ್ಟಗ ಮಾಡೋಣು" ಎಂದರು. ಮೊದಲು ಬಚ್ಚಲಿನ ಸೋರುವ ಪೈಪು ಬದಲಾಯಿಸಿದರು. ಆಮೇಲೆ ಹಳೆಯ ಬಣ್ಣ ಕೆರೆದು, ಪೊಳ್ಳಾದ ಸಿಮೆಂಟಿನ ಗಿಲಾವು ಉದುರಿಸಿದರು. ಧೂಳು ತಾಗಬಾರದೆಂದು ನನ್ನನ್ನು ಅಂಗಳದಲ್ಲಿ ಕೂರಿಸಿದ್ದರು. ನಾನೇನು ಸುಮ್ಮನಿರುವವಳಲ್ಲ, ನೀರು ಹಾಕಿ ತೊಳೆಯಿರಿ ಎಂದು ಅಲ್ಲಿಂದಲೇ ಕೂಗಿದೆ. "ನೀರು ಹಾಕಿದ್ರ ಉಪ್ಪು ಮತ್ತ ಒಳಗ ಹೊಕ್ಕತೈತಿ, ಒಣ ಉಪ್ಪನ್ನ ಹಂಗ ಝಾಡಿಸಬೇಕು" ಎಂದರು.

ಆಗ ಅತ್ತೆ ಕಸಬರಿಗೆ ಹಿಡಿದು ಬಂದರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರು ಉದುರಿದ ಉಪ್ಪನ್ನೆಲ್ಲ ಗುಡಿಸಿ ಹೊರಗೆ ಚೆಲ್ಲಿ, ನನ್ನ ಪಕ್ಕ ಬಂದು ಕೂತರು. ಕಸಬರಿಗೆ ಕೆಳಗಿಟ್ಟು ಅಂದರು: "ನದೀಮಗಿಂತ ಮೊದಲ ನಂದೂ ಒಂದು ಹೋಗಿತ್ತವಾ. ನಾ ಆಗ ಏನೂ ತಯಾರಿ ಮಾಡಿರಲಿಲ್ಲ. ಒಂದು ಹಳೇ ಅರಿವಿ ಸೈತ ತೆಗೆದಿಟ್ಟಿರಲಿಲ್ಲ. ಆದ್ರೂ ಹೋತು. ಗೊತ್ತಿದ್ದೂ ನಿನಗ ಹಂಗ ಅಂದೆ. ನಂದ ತಪ್ಪು." ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಮೂರು ವರ್ಷದಿಂದ ಹಾಗೆ ಅತ್ತಿರಲಿಲ್ಲ.

ಉದುರಿದ ಕಡೆ ಹೊಸ ಗಿಲಾವು ಮೆತ್ತಿದ ಮೇಲೆ ಕಾಯುವ ದಿನಗಳು. ನಿನ್ನ ಅಬ್ಬಾ ಗೋಡೆಗೆ ಅಂಗೈಯಗಲ ಪ್ಲಾಸ್ಟಿಕ್ ಹಾಳೆಯೊಂದನ್ನು ಟೇಪಿನಿಂದ ಅಂಟಿಸಿದ್ದರು. ಹಾಳೆಯ ಒಳಗೆ ಹನಿ ಕಂಡರೆ ಗೋಡೆ ಇನ್ನೂ ಹಸಿ. ದಿನವೂ ಅದರ ಮುಂದೆ ನಿಲ್ಲುತ್ತಿದ್ದೆ. ಬೆಳಕು ಬಿದ್ದಾಗ ಆ ಹನಿಗಳೊಳಗೆ ಪುಟ್ಟ ಪುಟ್ಟ ಕಿಟಕಿಗಳು ತೇಲುತ್ತಿದ್ದವು. ಒಂದು ದಿನ ನನಗರಿವಿಲ್ಲದೆಯೇ ಬಾಯಿ ಬಿಟ್ಟೆ. "ಇವತ್ತು ನಾಕ ಹನಿ ಅದಾವ ನೋಡು" ಎಂದೆ. ನೀನು ಒಳಗಿಂದ ಕಾಲು ಝಾಡಿಸಿದೆ. ಅಂದಿನಿಂದ ನಿನ್ನ ಜೊತೆ ಮಾತು ನಿಲ್ಲಿಸಿಲ್ಲ.

ಇಪ್ಪತ್ತೆರಡನೇ ದಿನ ಹಾಳೆ ಒಣಗಿತ್ತು. ಬಣ್ಣಕ್ಕೆ ಮುಂಚೆ ಬಳಿಯುವ ಬಿಳಿ ಪ್ರೈಮರಿನ ಮೊದಲ ಕೈಯನ್ನು ಗೋಡೆ ಗಟಗಟ ಕುಡಿದುಬಿಟ್ಟಿತು, ಮರುದಿನ ಎರಡನೇ ಕೈ ನಿಂತಿತು. ಈಗ ಕೋಣೆ ಬರೀ ಬಿಳುಪು. ಬಾಗಿಲಲ್ಲಿ ನಿಂತರೆ ಮಂಜಿನೊಳಗೆ ಕಾಲಿಟ್ಟ ಹಾಗಿರುತ್ತದೆ.

ಇವತ್ತು ಬೆಳಿಗ್ಗೆ ಮೂವರೂ ಅಲ್ಲಿ ಕೂತು ನಿನಗೆ ಹೆಸರು ಹುಡುಕಿದೆವು. ಹೆಣ್ಣಾದರೆ ಅನೀಸಾ, ಗಂಡಾದರೆ ಜಿಲಾನಿ. ಮೊದಲು ಹೆಸರು ಹೇಳಿದವರು ನಿನ್ನ ದಾದಿಮಾ. ನಾಳೆ ಏನಿದೆಯೋ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಹೆದರಿಕೆ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಹೆದರುತ್ತಲೇ ನಿನ್ನ ದಾರಿ ಕಾಯುತ್ತೇನೆ.

ಅಲ್ಲಾಹ್ ನಿನ್ನನ್ನು ಕಾಪಾಡಲಿ. ಅವಸರ ಮಾಡದೆ, ದಿನ ತುಂಬಿಕೊಂಡು ಬಾ. ಬಂದ ಕೂಡಲೇ ಓಣಿಯೆಲ್ಲ ಏಳುವ ಹಾಗೆ ಜೋರಾಗಿ ಅಳು. ಮೊದಲಿನ ಕೂಸು ಅಳಲಿಲ್ಲ.

ನಿನ್ನ ಅಮ್ಮಿ,
ಶಾಯಿಸ್ತಾ